ಹೈದರ್ ಮರಕ್ಕಾರ್ ಯಾವ ಊರಿನವನು?

ತಿರುವನಂತಪುರದಲ್ಲಿ ಯಾರನ್ನಾದರೂ "ಟೈಗರ್ ಪ್ರಭಾಕರ್ ಗೊತ್ತಾ?" ಎಂದು ಕೇಳಿ ನೋಡಿ. ಹೆಚ್ಚಿನವರು ಇಲ್ಲವೆಂದು ತಲೆಯಾಡಿಸುತ್ತಾರೆ. ಅವರ ಮುಂದೆಯೇ "ಹೈದರ್ ಮರಕ್ಕಾರ್" ಎನ್ನಿ. ನಲವತ್ತು ದಾಟಿದವರಾದರೆ ಮುಖವೇ ಬದಲಾಗಿಬಿಡುತ್ತದೆ. "ಓ, ಧ್ರುವಂ!" ಎನ್ನುತ್ತಾರೆ. ನನ್ನ ಆಫೀಸಿನಲ್ಲಂತೂ ಇದು ಎಷ್ಟೋ ಸಲ ಆಗಿದೆ. ಅವರು ಕನ್ನಡದವರು ಎಂದಾಗ ಮಾತ್ರ ಎಲ್ಲರೂ ಒಂದು ಕ್ಷಣ ನಂಬುವುದಿಲ್ಲ.

'ಧ್ರುವಂ' ತೆರೆಕಂಡದ್ದು 1993ರಲ್ಲಿ. ಜೋಷಿ ನಿರ್ದೇಶನ, ಎಸ್.ಎನ್. ಸ್ವಾಮಿಯವರ ಚಿತ್ರಕಥೆ. ದೊರೆಯಂತೆ ಬದುಕುವ ನರಸಿಂಹ ಮನ್ನಾಡಿಯಾರ್ ಆಗಿ ಮಮ್ಮೂಟ್ಟಿ, ಅವನ ತಮ್ಮನಾಗಿ ಜಯರಾಮ್, ಪೊಲೀಸ್ ಅಧಿಕಾರಿ ಜೋಸ್ ನರಿಮಾನ್ ಆಗಿ ಸುರೇಶ್ ಗೋಪಿ, ಭದ್ರನ್ ಆಗಿ ವಿಕ್ರಮ್. ವಿಕ್ರಮ್‌ಗೆ ಅದು ಮೊದಲ ಮಲಯಾಳಂ ಚಿತ್ರ. ತಕ್ಕಡಿಯ ಒಂದು ಬದಿಯಲ್ಲಿ ಇಷ್ಟು ಜನ. ಇನ್ನೊಂದು ಬದಿಯಲ್ಲಿ ಬಹುಮಟ್ಟಿಗೆ ಒಬ್ಬನೇ, ಮರಣದಂಡನೆಗೆ ಗುರಿಯಾದ ಹೈದರ್ ಮರಕ್ಕಾರ್. ಆ ಬದಿ ಹಗುರವಾಗಿದ್ದರೆ ಸಿನಿಮಾವೇ ನಿಲ್ಲುತ್ತಿರಲಿಲ್ಲ. ಕೇರಳದಲ್ಲಿ ಒಳ್ಳೆಯ ಖಳನಟರಿಗೆ ಬರವಿರಲಿಲ್ಲ. ಆದರೆ ವರ್ಷಕ್ಕೆ ಹತ್ತು ಸಲ ನೋಡಿದ ಮುಖಕ್ಕೆ ಪ್ರೇಕ್ಷಕ ಹೆದರುವುದು ಕಷ್ಟ. ಎಲ್ಲಿಂದ ಬಂದನೋ ಗೊತ್ತಿಲ್ಲದ ಮುಖಕ್ಕೆ ಬೇಗ ಹೆದರುತ್ತಾನೆ. ಪ್ರಭಾಕರ್ ಆ ಅಪರಿಚಿತತೆಯನ್ನೇ ಬಂಡವಾಳ ಮಾಡಿಕೊಂಡರು ಅನ್ನಿಸುತ್ತದೆ ನನಗೆ.

ನಮಗಾದರೋ ಅವರು ಅಪರಿಚಿತರಲ್ಲ. 1969ರ 'ಕಾಡಿನ ರಹಸ್ಯ'ದಿಂದ ಶುರುವಾದ ಪಯಣ ಅದು. ಹೊಡೆದಾಟದ ಸಣ್ಣಪುಟ್ಟ ಪಾತ್ರಗಳು, ಆಮೇಲೆ ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಷ್ ಎದುರು ಖಳನಾಯಕ, ಎಂಬತ್ತರ ದಶಕದಲ್ಲಿ ಸ್ವತಃ ನಾಯಕ, ಕೊನೆಗೆ ನಿರ್ದೇಶಕ. ಒಟ್ಟು 450ಕ್ಕೂ ಹೆಚ್ಚು ಚಿತ್ರಗಳು ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. ನನ್ನ ತಲೆಮಾರಿನವರು ಅವರನ್ನು ಹೆಚ್ಚಾಗಿ ನೋಡಿದ್ದು ದೂರದರ್ಶನದ ಭಾನುವಾರದ ಸಿನಿಮಾಗಳಲ್ಲಿ. ಆ ಕಣ್ಣು, ಆ ಎತ್ತರ, ಆ ಗಡಸು ದನಿ. ಅವರು ಬಂದರೆ ಹುಡುಗರು ಟಿವಿಯಿಂದ ಒಂದಡಿ ಹಿಂದೆ ಸರಿದು ಕೂರುತ್ತಿದ್ದೆವು.

ಅವರ ಹೆಸರುಗಳೂ ಕುತೂಹಲದವು. ಕರ್ನಾಟಕದಲ್ಲಿ 'ಟೈಗರ್'. ಗಡಿ ದಾಟಿ ಚಿರಂಜೀವಿಯಂಥವರ ತೆಲುಗು ಚಿತ್ರಗಳಿಗೆ ಹೋದಾಗ 'ಕನ್ನಡ ಪ್ರಭಾಕರ್'. ಇಟಲಿಯ ಕೌಬಾಯ್ ಚಿತ್ರಗಳಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್'ನ ಖಳನಾಯಕ ಜಾನ್ ಮಾರಿಯಾ ವೊಲೊಂಟೆ. ಅಮೆರಿಕದ ಚಿತ್ರದಂತೆ ಕಾಣಲೆಂದು ಪರದೆಯ ಮೇಲೆ ಅವರ ಹೆಸರು 'ಜಾನ್ ವೆಲ್ಸ್' ಆಯಿತು. ನಿರ್ದೇಶಕ ಸರ್ಜಿಯೊ ಲಿಯೋನೆ 'ಬಾಬ್ ರಾಬರ್ಟ್‌ಸನ್' ಆದರು. ಅಲ್ಲಿ ಮಾರುಕಟ್ಟೆಗಾಗಿ ಊರನ್ನು ಮರೆಸಿದರು. ನಮ್ಮವರಿಗೆ ಊರೇ ಹೆಸರಾಯಿತು. ಬಹುಶಃ ಬೇರೆ ಪ್ರಭಾಕರ್‌ಗಳಿಂದ ಗುರುತು ಹಿಡಿಯಲು ಅಂಟಿಸಿದ ಚೀಟಿ ಇರಬಹುದು. ಆದರೂ ಹೈದರಾಬಾದಿನ ಯಾವುದೋ ಥಿಯೇಟರಿನಲ್ಲಿ ಪರದೆಯ ಮೇಲೆ 'ಕನ್ನಡ' ಎಂಬ ಪದ ಮೂಡುತ್ತಿತ್ತಲ್ಲ, ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಇದೆಲ್ಲ ನನಗೆ ಬರೀ ಸಿನಿಮಾ ಮಾತಾಗಿ ಉಳಿಯದಿರಲು ಅಪ್ಪ ಕಾರಣ. ಅಮ್ಮ ತೀರಿಕೊಂಡ ಮೇಲೆ ಅವರನ್ನು ಚಿತ್ರದುರ್ಗದಿಂದ ಕಳಕ್ಕೂಟ್ಟಂನ ನಮ್ಮ ಫ್ಲ್ಯಾಟಿಗೆ ಕರೆತಂದೆ. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಅಪ್ಪನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರದು. ಮೂರನೇ ದಿನಕ್ಕೇ "ಟಿಕೆಟ್ ಮಾಡ್ಸಪ್ಪ, ಊರಿಗೆ ಹೋಗ್ತೀನಿ" ಎಂದು ಶುರು. ತುಂಬಾದ ಕಡಲ ತೀರ, ರಾಕೆಟ್ ಕೇಂದ್ರ ಅಂತೆಲ್ಲ ಹೇಳಿ ರಜೆಯ ದಿನ ಸುತ್ತಾಡಿಸಿದೆ. "ಸಮುದ್ರದ ಹತ್ರ ಏನ್ ಮಾತಾಡ್ಲಿ?" ಅಂದರು.

ಬದಲಾದದ್ದು ರಸ್ತೆ ತಿರುವಿನ ಚಹಾದಂಗಡಿಯಲ್ಲಿ. ಅಂಗಡಿಯ ಚೇಟನಿಗೆ ಸಿನಿಮಾ ಹುಚ್ಚು. ಒಂದು ಸಂಜೆ ನಾನೇ ಇಬ್ಬರ ನಡುವೆ ಹೈದರ್ ಮರಕ್ಕಾರ್ ಹೆಸರು ಎತ್ತಿದೆ. ಚೇಟ ಹುಬ್ಬು ಗಂಟಿಕ್ಕಿ, ಕಣ್ಣರಳಿಸಿ ಮರಕ್ಕಾರ್ ಆದ. ಅಪ್ಪ ಬೆಂಚಿನಿಂದ ಎದ್ದು, "ಹಂಗಲ್ಲ, ಹಿಂಗೆ" ಎಂದು ಟೈಗರ್ ನಿಲ್ಲುತ್ತಿದ್ದ ರೀತಿಯಲ್ಲಿ ಎದೆಯುಬ್ಬಿಸಿ ನಿಂತರು. ಒಂದು ಅಕ್ಷರದ ಸಾಮಾನ್ಯ ಭಾಷೆಯಿಲ್ಲದೆ ಇಬ್ಬರೂ ಅರ್ಧ ಗಂಟೆ ನಕ್ಕರು. ಮರುದಿನದಿಂದ ನಾಲ್ಕೂವರೆಗೆ ಅಪ್ಪ ತಾವೇ ಶರ್ಟು ಹಾಕಿಕೊಂಡು ಹೊರಡತೊಡಗಿದರು. ಟಿಕೆಟ್ಟಿನ ಮಾತು ನಿಂತಿತು. ಮಳೆಗಾಲ ಮುಗಿದ ಮೇಲೆ ಊರಿಗೆ ಹೋದರು, ಆ ಮಾತು ಬೇರೆ. ಚೇಟ ಇಂದಿಗೂ "ಅಚ್ಛನ್ ಎಪ್ಪೋ ವರುಂ?" ಎಂದು ವಿಚಾರಿಸುತ್ತಾನೆ.

ಖಳನಟರನ್ನು ನಾವು ನೆನೆಯುವ ಬಗೆಯೇ ವಿಚಿತ್ರ. 2008ರ 'ನವಗ್ರಹ' ನೋಡಿದ್ದೀರಲ್ಲ? ತೂಗುದೀಪ ಶ್ರೀನಿವಾಸ್, ಸುಧೀರ್, ಪ್ರಭಾಕರ್ ಮುಂತಾದವರ ಮಕ್ಕಳನ್ನೇ ಸೇರಿಸಿ ದಿನಕರ್ ತೂಗುದೀಪ ಮಾಡಿದ ಚಿತ್ರ. ವಿನೋದ್ ಪ್ರಭಾಕರ್ ಅದರಲ್ಲಿದ್ದರು. ಮಕ್ಕಳ ಮುಖದಲ್ಲಿ ಅಪ್ಪಂದಿರನ್ನು ಹುಡುಕಿ ನಾವು ಶಿಳ್ಳೆ ಹೊಡೆದೆವು. ಆದರೆ 2001ರ ಮಾರ್ಚ್ 25ರಂದು ತೀರಿಕೊಂಡ ಪ್ರಭಾಕರ್ ಹೊರ ರಾಜ್ಯಗಳಲ್ಲಿ ಏನೇನು ಮಾಡಿದರು ಎಂಬುದರ ಒಂದು ಸರಿಯಾದ ಪಟ್ಟಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಪರ ಊರಿನಲ್ಲಿ ಮಾಡಿದ ಕೆಲಸಕ್ಕೆ ಊರಿನಲ್ಲಿ ಲೆಕ್ಕವಿಲ್ಲ, ಪರ ಊರಿನವರಿಗೆ ಹೆಸರು ಗೊತ್ತಿಲ್ಲ. ಲ್ಯಾಪ್‌ಟಾಪ್ ಹಿಡಿದು ರಾಜ್ಯ ರಾಜ್ಯ ಸುತ್ತುವ ನಮ್ಮಂಥವರಿಗೆ ಈ ಪಾಡು ಹೊಸದೇನಲ್ಲ. ಆದರೂ ಕೆಲಸ ಗಟ್ಟಿಯಾಗಿದ್ದರೆ ಅದು ಬೇರೆ ಹೆಸರಿನಲ್ಲಾದರೂ ಬದುಕಿರುತ್ತದೆ ಎಂಬುದಕ್ಕೆ ಮರಕ್ಕಾರ್ ಸಾಕ್ಷಿ.

2024ರಲ್ಲಿ 'ಟರ್ಬೊ' ಬಂತು. ಮತ್ತೆ ಮಮ್ಮೂಟ್ಟಿ, ಎದುರಿಗೆ ಖಳನಾಗಿ ನಮ್ಮ ರಾಜ್ ಬಿ. ಶೆಟ್ಟಿ. ನಿರ್ದೇಶಕ ವೈಶಾಖ್ ಇದಕ್ಕೂ ಮೊದಲು 'ಪುಲಿಮುರುಗನ್'ನಲ್ಲಿ ನಮ್ಮ ಕಿಶೋರ್ ಅವರನ್ನು ಕರೆಸಿದ್ದರು. ಈಗ ಶೆಟ್ಟರ ಹೆಸರು ಇಲ್ಲಿಯ ಹುಡುಗರಿಗೆ ಗೊತ್ತು, ಅವರ ಕನ್ನಡ ಸಿನಿಮಾಗಳೂ ಗೊತ್ತು. ಪ್ರಭಾಕರ್ ಕಾಲದಲ್ಲಿ ಆ ಅನುಕೂಲ ಇರಲಿಲ್ಲ.

ನೀವು ಹೈದರಾಬಾದಿನಲ್ಲಿರಬಹುದು, ಚೆನ್ನೈಯಲ್ಲಿರಬಹುದು, ಕೊಚ್ಚಿಯಲ್ಲೇ ಇರಬಹುದು. ಪಕ್ಕದ ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಅವರಿಗೆ ನಮ್ಮ ಪ್ರಭಾಕರ್ ಯಾವ ಹೆಸರಿನಲ್ಲಿ ನೆನಪಿದ್ದಾರೆ ಎಂದು. ಸಿಕ್ಕ ಹೆಸರುಗಳನ್ನು ಬರೆದು ಕಳಿಸಿ. ಪಟ್ಟಿ ಮಾಡಿ ಅಪ್ಪನಿಗೆ ಓದಿ ಹೇಳುತ್ತೇನೆ.