ಒಂದೂವರೆ ಟಿಕೆಟ್

ನಾವು ಮೂವರು ತಮ್ಮಂದಿರು ಮುಂಬಯಿ ಸೇರಿ ದಶಕಗಳೇ ಕಳೆದವು. ಊರಿನ ಮನೆಯಲ್ಲಿ ಉಳಿದವಳು ದೊಡ್ಡಕ್ಕ. ಅಮ್ಮ ಹಾಸಿಗೆ ಹಿಡಿದ ಕಾಲದಲ್ಲಿ ನಮಗೆ ಗಂಜಿ ಬಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದವಳು ಅವಳೇ. ಅಕ್ಕನದು ಸ್ಥೂಲ ಶರೀರ. ಥೈರಾಯ್ಡ್ ತೊಂದರೆ, ಜೊತೆಗೆ ಮಂಡಿನೋವು. ಒಪ್ಪೊತ್ತು ಉಂಡರೂ ತೂಕ ಇಳಿಯದು. ಆದರೂ ನಮ್ಮ ಮನೆಗಳಲ್ಲಿ ಅದೊಂದು ಹಳೆಯ ತಮಾಷೆ: "ಅಕ್ಕ ಬರುವುದಾದರೆ ಒಂದೂವರೆ ಟಿಕೆಟ್ ತೆಗೆಯಬೇಕು." ಅಕ್ಕನೂ ನಗುತ್ತಿದ್ದಳು. ನಗುತ್ತಾಳೆಂದೇ ನಾವು ತಿಳಿದಿದ್ದೆವು.

ಕಳೆದ ವರ್ಷ ಊರಿನಲ್ಲಿ ಕೋಲ ಮುಗಿಸಿ ಮರಳುವಾಗ ಡೊಂಬಿವಲಿಯ ಹೊಸ ಮನೆಯ ಒಕ್ಕಲಿಗೆ ಅವಳನ್ನೂ ಹೊರಡಿಸಿದೆವು. ಮಂಡಿನೋವಿನವಳಿಗೆ ರಾತ್ರಿಯಿಡೀ ರೈಲು ಬೇಡವೆಂದು ಮಂಗಳೂರಿನಿಂದ ವಿಮಾನ ಹತ್ತಿದೆವು. ನಡುವಿನ ದಾರಿಯ ಆಚೆ ನಾವು ಮೂವರು, ಈಚೆ ಅಕ್ಕ.

ಸಾಮಾನ್ಯ ದರ್ಜೆಯ ಸೀಟಿನ ಅಗಲ ಸುಮಾರು 17-18 ಅಂಗುಲ. ಅಕ್ಕ ಹೇಗೋ ಕುಳಿತಳು, ಬೆಲ್ಟು ಸಾಲಲಿಲ್ಲ. ಗಗನಸಖಿ ಬೆಲ್ಟಿಗೆ ಜೋಡಿಸುವ ತುಂಡೊಂದನ್ನು ಎಲ್ಲರಿಗೂ ಕಾಣುವಂತೆ ಹಿಡಿದು ತಂದಳು. ಪಕ್ಕದ ಗೃಹಸ್ಥರು, "ಇಂಥವರಿಂದ ಎರಡು ಟಿಕೆಟಿನ ಹಣ ವಸೂಲು ಮಾಡಬೇಕು" ಎಂದು ಹಿಂದಿಯಲ್ಲಿ ಗೊಣಗಿದರು. ಅಕ್ಕನಿಗೆ ಹಿಂದಿ ಬಾರದು. 'ಟಿಕೆಟ್' ಎಂಬುದು ತಿಳಿಯಿತು. ಅವಳು ಆತನನ್ನು ನೋಡಲಿಲ್ಲ, ನಮ್ಮನ್ನು ನೋಡಿದಳು. ನಾವು ಬಾಯಿ ಬಿಡಲಿಲ್ಲ. ಏನೆಂದು ಬಿಡುವುದು? ಆ ಮಾತು ನಮ್ಮ ಮನೆಯದೇ.

ಗೃಹಸ್ಥರದೂ ತಪ್ಪೆನ್ನಲಾರೆವು. ಹಣ ಕೊಟ್ಟ ಜಾಗದಲ್ಲಿ ತೋಳು ಮುದುರಿ ಕೂರುವುದು ಯಾರಿಗೆ ಬೇಕು? ಆದರೆ ಸೀಟಿನ ಅಗಲ ನಿಶ್ಚಯಿಸಿದವರು ಅಕ್ಕನೂ ಅಲ್ಲ, ಅವರೂ ಅಲ್ಲ. ನಿಶ್ಚಯಿಸಿದವರು ದೂರದಲ್ಲಿದ್ದಾರೆ, ಕೈಗೆ ಸಿಕ್ಕವರು ದಪ್ಪಗಿದ್ದವರು.

ಲೋಕ ಇದಕ್ಕೆ ಎರಡು ಬಗೆಯ ಉತ್ತರ ಕೊಟ್ಟಿದೆ. 2013ರಲ್ಲಿ ಸಮೋವಾ ಏರ್ ಎಂಬ ಸಣ್ಣ ಸಂಸ್ಥೆ ಪ್ರಯಾಣಿಕರನ್ನೇ ತೂಗಿ, ಕಿಲೋ ಲೆಕ್ಕದಲ್ಲಿ ದರ ಹಾಕಿತು. ಅದಕ್ಕೂ ಮೊದಲೇ, 2008ರ ಜನವರಿಯಲ್ಲಿ, ಕೆನಡಾದ ಸಾರಿಗೆ ಪ್ರಾಧಿಕಾರ ಬೇರೆಯೇ ತೀರ್ಪು ಕೊಟ್ಟಿತ್ತು: ಸ್ಥೂಲಕಾಯದಿಂದ ಅಂಗವೈಕಲ್ಯಕ್ಕೆ ಒಳಗಾದವರಿಂದ ದೇಶದೊಳಗಿನ ಪ್ರಯಾಣದಲ್ಲಿ ಎರಡನೆಯ ಸೀಟಿಗೆ ಹಣ ಕೇಳಕೂಡದು. ಅಲ್ಲಿನ ದೊಡ್ಡ ವಿಮಾನ ಸಂಸ್ಥೆಗಳು ಮೇಲ್ಮನವಿಗೆ ಹೊರಟಾಗ ಸುಪ್ರೀಂ ಕೋರ್ಟು ಅದೇ ನವೆಂಬರಿನಲ್ಲಿ ಅನುಮತಿ ನಿರಾಕರಿಸಿತು. ಒಂದು ಕಡೆ ಮನುಷ್ಯ ಮೂಟೆಯಾದ. ಇನ್ನೊಂದು ಕಡೆ ಮನುಷ್ಯನಾಗಿಯೇ ಉಳಿದ.

ನಾವು ನಮ್ಮ ಮನೆಯಲ್ಲಿ ಯಾವ ಪಕ್ಷದವರಾಗಿದ್ದೆವು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಕ್ಕ ಹಿಂದಿರುಗುವಾಗ ಮತ್ಸ್ಯಗಂಧ ರೈಲೇ ಬೇಕೆಂದಳು. "ಅದರಲ್ಲಿ ಕಾಲು ನೀಡಬಹುದು ಮಾರಾಯ. ಅಳತೆ ಯಾರೂ ತೆಗೆಯುವುದಿಲ್ಲ" ಎಂದಳು, ನಗುತ್ತಲೇ.

ಬರುವ ವೈಶಾಖದಲ್ಲಿ ಮನೆಯಲ್ಲಿ ಮದುವೆಯಿದೆ. ಫೋನಿನಲ್ಲಿ ಕರೆದರೆ, "ಮಂಡಿನೋವು, ನೋಡುವ" ಎನ್ನುತ್ತಾಳೆ. ನೋವು ಮಂಡಿಯದೊಂದೇ ಅಲ್ಲವೆಂದು ನಮಗೆ ಗೊತ್ತು. ಈ ಸಲ ಕರೆಯಲು ಮೂವರೂ ಹೋಗುತ್ತೇವೆ. ಮೊದಲು ಅವಳ ಮುಂದೆ ಕುಳಿತು ತಪ್ಪಾಯಿತೆನ್ನಬೇಕು. ಟಿಕೆಟಿನ ಮಾತು ಆಮೇಲೆ.