ಅಡಿಕೆ ಮರದ ತಂತಿ

ನಮ್ಮ ಜಗಲಿಯ ಗೋಡೆಯ ಮೇಲೆ, ಈ ಮೂಲೆಯಿಂದ ಆ ಮೂಲೆಗೆ, ತಾಮ್ರದ ಜಾಲರಿ ಪಟ್ಟಿಯೊಂದನ್ನು ಎಳೆದು ಕಟ್ಟಲಾಗಿತ್ತು. ಅಪ್ಪ ಸಾಗರದ ಪೇಟೆಯಲ್ಲಿ ಮರ್ಫಿ ರೇಡಿಯೊ ಕೊಂಡಾಗ ಜೊತೆಗೇ ತಂದ ಏರಿಯಲ್ ಅದು. ಹಬ್ಬದ ಮುಂಚೆ ಅಮ್ಮ ಅದಕ್ಕೆ ಹಿಡಿದ ಬಲೆಯನ್ನು ಎಷ್ಟು ಜೋಪಾನವಾಗಿ ತೆಗೆಯುತ್ತಿದ್ದಳು! ಭದ್ರಾವತಿ ಆಕಾಶವಾಣಿಗೆ ಅದು ಧಾರಾಳವಾಗಿ ಸಾಕು. ಶಾರ್ಟ್‌ವೇವ್‌ಗೆ ತಿರುಗಿಸಿದರೆ ಮಾತ್ರ ಬರೀ ಗೊರಗೊರ.

ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ. ನನಗೆ, ಅಣ್ಣನಿಗೆ, ಪಕ್ಕದ ಮನೆಯ ಹುಡುಗರಿಗೆಲ್ಲ ಅದು ಬೇಕೇ ಬೇಕು. ಪಲ್ಲವಿ ತೇಲಿ ಬಂದು, ಚರಣ ಶುರುವಾಗುವಷ್ಟರಲ್ಲಿ ಮುಳುಗಿ ಹೋಗುತ್ತಿತ್ತು.

"ಗೋಡೆಗೆ ಅಂಟಿಕೊಂಡ್ರೆ ಸಿಲೋನ್ ಬರ್ತದನಾ? ತೋಟಕ್ಕೆ ಹತ್ಸಬೇಕು ಮಾರಾಯ," ಎಂದವರು ಚಿಕ್ಕಪ್ಪ. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ ತಾಮ್ರದ ತಂತಿ ತೆಗೆದರು. 41 ಮೀಟರ್ ಬ್ಯಾಂಡಿಗೆ ಅದರ ಅರ್ಧ, ಅಂದರೆ ಸುಮಾರು 20 ಮೀಟರ್ ತಂತಿ ಬೇಕು. ಅವರು ಕೈ ಚಾಚಿ 11 ಮಾರು ಅಳೆದರು. ಸರಿಯಾಗಿ ನಡುವೆ ಕತ್ತರಿಸಿ ಪಿಂಗಾಣಿ ಗುಂಡು ಹಾಕಿ, ಅಲ್ಲಿಂದ ಎರಡೆಳೆ ವೈರು ಹೊಸೆದು ಕಿಟಕಿಗೆ ಇಳಿಸಿದರು. ತುದಿಯ ಮೆರುಗೆಣ್ಣೆಯನ್ನು ಚಾಕುವಿನಿಂದ ಕೆರೆದು ಕೆಂಪು ತಾಮ್ರ ಹೊಳೆಯಿಸುವ ಕೆಲಸ ನನ್ನದು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ತೋಟದ ಮರ ಹತ್ತಿ ಎರಡೂ ಕಡೆ ಕಟ್ಟಿಕೊಟ್ಟ.

ಮೊದಲ ಗಾಳಿಗೇ ತಂತಿ ತುಂಡಾಯಿತು. ಅಡಿಕೆ ಮರ ತೂಗಾಡುತ್ತದೆ, ತಂತಿ ತೂಗಾಡುವುದಿಲ್ಲ. ಆಗ ಚಿಕ್ಕಪ್ಪ ಬಾವಿಯ ಹಳೆಯ ರಾಟೆಯನ್ನು ಒಂದು ಮರಕ್ಕೆ ಬಿಗಿಸಿ, ತಂತಿಯ ತುದಿಗೆ ಕಟ್ಟಿದ ಹಗ್ಗವನ್ನು ಅದರ ಮೇಲೆ ಹಾಯಿಸಿ ಒಂದು ಕಲ್ಲು ನೇತುಹಾಕಿದರು. ಗಾಳಿಗೆ ಮರ ಆಚೆ ವಾಲಿದರೆ ಕಲ್ಲು ಮೇಲೇರುತ್ತಿತ್ತು, ಈಚೆ ಬಂದರೆ ಇಳಿಯುತ್ತಿತ್ತು. ತಂತಿ ಮಾತ್ರ ಒಂದೇ ಬಿಗಿಯಲ್ಲಿ ಇರುತ್ತಿತ್ತು. ಅಂಥ ಬುದ್ಧಿಯ ಕೆಲಸವನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ. ಆ ಬುಧವಾರ ಹಾಡಿನ ಹಿಂದಿನ ತಬಲಾ ಕೂಡ ಬಿಡಿಬಿಡಿಯಾಗಿ ಕೇಳಿತು. ಗುಡುಗು ಕೇಳಿದೊಡನೆ ವೈರುಗಳನ್ನು ಕಿತ್ತು ಕಿಟಕಿಯಾಚೆ ಹಾಕಬೇಕೆಂಬುದು ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು.

1983ರ ಜೂನ್ 25, ಕ್ರಿಕೆಟ್ ವಿಶ್ವಕಪ್ ಫೈನಲ್ಲಿನ ದಿನ. ಆರಿದ್ರಾ ಮಳೆ ಆರದೆ ಸುರಿಯುತ್ತಿತ್ತು, ಗುಡುಗಿರಲಿಲ್ಲ. ಕರೆಂಟು ಹೋಗಿತ್ತು. ಟ್ರಾನ್ಸಿಸ್ಟರಿನ ಕಡ್ಡಿಗೆ ತೋಟದ ತಂತಿಯ ಎಳೆಯೊಂದನ್ನು ಸುತ್ತಿ, ಲಾಟೀನಿನ ಸುತ್ತ ಕೂತೆವು. ಭಾರತ 183ಕ್ಕೆ ಆಲೌಟ್ ಆದಾಗ ಅಣ್ಣ ಎದ್ದು ಮಲಗಲು ಹೋದ. ನಡುರಾತ್ರಿಯ ಹೊತ್ತಿಗೆ ವೆಸ್ಟ್ ಇಂಡೀಸ್ 140ಕ್ಕೆ ಮುಗಿದಾಗ ಅವನನ್ನು ಎಬ್ಬಿಸಿದ್ದು ಅಮ್ಮ. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಅಮ್ಮ, ಹಂಡೆಯಡಿ ಬೆಂಕಿ ಕೆದಕಿ ಎಲ್ಲರಿಗೂ ಕಾಫಿ ಕಾಸಿದಳು.

ಈಗ ಚಿಕ್ಕಪ್ಪನೂ ಇಲ್ಲ, ಮರ್ಫಿಯೂ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಶಾರ್ಟ್‌ವೇವ್ ರೇಡಿಯೊ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಗುಡುಗಿಲ್ಲದ ಒಂದು ರಾತ್ರಿ, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಎಲ್ಲ ಆರಿಸಿ, ಅದರ ಕಡ್ಡಿಗೆ ಐದಾರು ಮಾರು ತಂತಿ ಸುತ್ತಿ, ಇನ್ನೊಂದು ತುದಿಯನ್ನು ಅಂಗಳದ ಮರಕ್ಕೆ ಕಟ್ಟಿ ಕೇಳಿ. ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿ.