ಕುರಿಗೆ ಯಾವ ಸರ್ವೆ ನಂಬರು?

ಚಳಿಗೆ ಬೆಂಕಿ ಹಾಕಿಕೊಂಡು ಕೂತಾಗಲೆಲ್ಲ ನಮ್ಮ ಮನೆಯ ಹುಡುಗರು ಕೇಳುವುದು ಒಂದೇ ಕಥೆ, ಸೋಲಾರ್ ಕಾಗದ ಓದಿದ ರಾತ್ರಿಯದು. ದೆವ್ವದ ಕಥೆಗೂ ಅಷ್ಟು ಕಿವಿಗೊಡುವುದಿಲ್ಲ. ಇದರಲ್ಲಿ ಜಗಳವಿದೆ, ನಗುವಿದೆ, ದುಡ್ಡಿನ ಲೆಕ್ಕವಿದೆ. ಇನ್ನೇನು ಬೇಕು?

ನಮ್ಮದು ಪಾವಗಡ ತಾಲ್ಲೂಕು. ತುಮಕೂರು ಜಿಲ್ಲೆ ಎನ್ನುವುದು ಹೆಸರಿಗೆ. ಮೂರು ಕಡೆಯಿಂದಲೂ ಆಂಧ್ರ ಸುತ್ತಿಕೊಂಡಿದೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಹಾಗಾಗಿ ಸರ್ಕಾರದಿಂದ ಏನೇ ಕಾಗದ ಬಂದರೂ ಓದಿ ಬಿಡಿಸಿ ಹೇಳುವುದಕ್ಕೆ ಶಾಲೆಯ ಮೇಷ್ಟ್ರು ಬೇಕು. ಬರ ಪರಿಹಾರ, ಬೆಳೆ ವಿಮೆ, ಬ್ಯಾಂಕಿನ ನೋಟೀಸು ಎಲ್ಲ ಓದಿದ್ದೇನೆ. ಒಳ್ಳೆಯ ಸುದ್ದಿ ಓದಿದ್ದು ಕಡಿಮೆ. 60 ವರ್ಷದಲ್ಲಿ 50ಕ್ಕೂ ಹೆಚ್ಚು ಸಲ ಬರಪೀಡಿತ ಎಂದು ಘೋಷಣೆಯಾದ ತಾಲ್ಲೂಕಿನಲ್ಲಿ ಇನ್ನೇನು ಓದುವುದು? ಬೋರು ಸಾವಿರ ಅಡಿ ಇಳಿಸಿದರೂ ಮೇಲೆ ಬರುವುದು ಧೂಳು. ಅಪ್ಪಿತಪ್ಪಿ ನೀರು ಬಂದರೆ ಅದರಲ್ಲಿ ಫ್ಲೋರೈಡ್. ಕಡಲೆಕಾಯಿ ಬಿತ್ತಿದರೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಡುತ್ತದೆ. ಆಮೇಲೆ ಗಂಡಸರು ಚೀಲ ಹೆಗಲಿಗೆ ಹಾಕಿಕೊಂಡು ಬೆಂಗಳೂರಿಗೆ, ಗಾರೆ ಕೆಲಸಕ್ಕೆ.

2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳೆರಡು ಸೇರಿ ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮ ಎಂದು ಮಾಡಿಕೊಂಡವು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟಿನ ಸೋಲಾರ್ ಪಾರ್ಕು ಎಂದು ಸುದ್ದಿಯಾಯಿತು. ಮೊದಲಿಗೆ ಯಾರೂ ನಂಬಲಿಲ್ಲ. ಜಮೀನು ಹೊಡೆದುಕೊಳ್ಳುವುದಕ್ಕೆ ಬಂದಿದ್ದಾರೆ ಎಂದೇ ಎಲ್ಲರ ಲೆಕ್ಕ. ಆಮೇಲೆ ತಿಳಿಯಿತು, ಕೊಳ್ಳುವುದಿಲ್ಲವಂತೆ, ಗುತ್ತಿಗೆಗೆ ಕೇಳುತ್ತಿದ್ದಾರಂತೆ. ಆ ಕರಾರಿನ ಕಾಗದ ಊರಿಗೆ ಬಂದ ದಿನ ಸಂಜೆಯೇ ನನಗೆ ಕರೆ ಬಂತು.

ಅರಳಿಕಟ್ಟೆಯ ಹತ್ತಿರ ಜನ ಸೇರಿದ್ದರು. ಎಂದಿನಂತೆ ಕರೆಂಟ್ ಇರಲಿಲ್ಲ. ಚಳಿಗೆಂದು ಜಾಲಿ ಕೊರಡು ಹಾಕಿ ಬೆಂಕಿ ಮಾಡಿದ್ದರು. ಆ ಬೆಳಕಿಗೆ ಮುಖ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಒಬ್ಬ ಹುಡುಗ ಬೈಕ್ ತಂದು ನಿಲ್ಲಿಸಿ ಹೆಡ್‌ಲೈಟ್ ನನ್ನ ಕಡೆ ತಿರುಗಿಸಿದ. ಎಂಜಿನ್ ಆಫ್ ಮಾಡಿದರೆ ಲೈಟು ಮಂಕಾಗುತ್ತದೆ, ಆನ್ ಇಟ್ಟರೆ ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ. ಕೊನೆಗೆ ಒಂದು ಏರ್ಪಾಡಾಯಿತು: ಎಂಜಿನ್ ಓಡುವಾಗ ನಾನು ಒಂದು ಕಲಮು ಮನಸ್ಸಿನಲ್ಲೇ ಓದಿಕೊಳ್ಳುವುದು, ಎಂಜಿನ್ ನಿಲ್ಲಿಸಿ ಅದನ್ನು ತೆಲುಗಿನಲ್ಲಿ ಹೇಳುವುದು. ಹೀಗೆ ಇಡೀ ಕಾಗದ. ಮಧ್ಯೆ ಮಧ್ಯೆ ಬೈಕಿನವನು “ಸಾರ್, ಪೆಟ್ರೋಲು ಯಾರು ಹಾಕಿಸ್ತಾರೆ?” ಎಂದು ಕೂಗುತ್ತಿದ್ದ.

ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. 28 ವರ್ಷದ ಗುತ್ತಿಗೆ. ಇಷ್ಟು ಹೇಳಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ನಮ್ಮ ದೊಡ್ಡಪ್ಪ ಮಾತ್ರ ಬೆರಳು ಮಡಿಸುತ್ತಿದ್ದ. ಟ್ರ್ಯಾಕ್ಟರ್ ಬಾಡಿಗೆ, ಬಿತ್ತನೆ ಬೀಜ, ಕಳೆ ತೆಗೆಯುವ ಕೂಲಿ, ಕೀಳುವ ಕೂಲಿ. “ಹೋದ ವರ್ಷ ಎಕರೆಗೆ ನಾನು ಕಳ್ಕೊಂಡಿದ್ದೇ ಇಷ್ಟೈತೆ. ಸುಮ್ನೆ ಕೂತ್ರೆ ದುಡ್ಡು ಕೊಡ್ತೀವಿ ಅಂತಾರಲ್ಲ, ಇವರಿಗೇನು ಬಂದೈತೆ?” ಎಂದ.

ಅವರಿಗೇನು ಬಂದೈತೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಆ ಕಲ್ಲಿದ್ದಲು ನಮ್ಮ ರಾಜ್ಯದ್ದಲ್ಲ. ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬರುತ್ತದೆ. ಒಂದು ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದೇ ಕರೆಂಟು ಬಿಸಿಲಿನಿಂದ ಬಂದರೆ ಅಷ್ಟು ಹೊಗೆ ಉಳಿಯಿತು. ಹೊಗೆಗೂ ಮಳೆ ತಪ್ಪುವುದಕ್ಕೂ ಇರುವ ನಂಟು ಬಿಡಿಸಿ ಹೇಳುವುದಕ್ಕೆ ಹೊರಟೆ. ಯಾರೋ ತಡೆದರು. “ಹೊಗೆ ಅವರದು, ಬಿಸಿಲು ನಮ್ಮದು. ಬಾಡಿಗೆ ಯಾವತ್ತು ಬರುತ್ತೆ ಅಷ್ಟು ಹೇಳಿ ಮೇಷ್ಟ್ರೆ.”

ಬಾಡಿಗೆಗಿಂತ ಅವರನ್ನು ಹೆಚ್ಚು ಕಾಡಿದ್ದು ಪಹಣಿ. 9ನೇ ಕಾಲಂನಲ್ಲಿ ಯಾರ ಹೆಸರಿರುತ್ತೆ? ನಿಮ್ಮದೇ. 11ನೇ ಕಾಲಂನಲ್ಲಿ? ಅಲ್ಲಿ ಗುತ್ತಿಗೆಯ ವಿಷಯ ಬರಬಹುದು. ಹಾಗೆಂದ ಕೂಡಲೇ ಗದ್ದಲ. ನಮ್ಮ ಕಡೆ 11ನೇ ಕಾಲಂ ಎಂದರೆ ಸಾಲ, 9ನೇ ಕಾಲಂ ಎಂದರೆ ಮಾನ. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮಾರುವುದಾಗಿದ್ದರೆ ನಮ್ಮೂರವರು ಅಂದು ರಾತ್ರಿಯೇ ಕಾಗದವನ್ನು ಅದೇ ಬೆಂಕಿಗೆ ಹಾಕುತ್ತಿದ್ದರು. ಹೆಸರು ಉಳಿಯುತ್ತದೆ ಎಂದದ್ದಕ್ಕೇ ಒಪ್ಪಿದರು.

ಆದರೆ ಆ 9ನೇ ಕಾಲಂನಲ್ಲಿದ್ದವರು ಯಾರು? ಅರ್ಧಕ್ಕರ್ಧ ಸತ್ತವರು. ಅಜ್ಜನ ಹೆಸರಿನಲ್ಲೇ ಜಮೀನು, ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ಭಾಗ ಬಾಯಿ ಮಾತಿನದು. ಈಗ ಎಲ್ಲ ವಾರಸುದಾರರ ಸಹಿ ಬೇಕು. ಮುಂದಿನ ದಿನಗಳಲ್ಲಿ ಮಡಕಶಿರ, ಹಿಂದೂಪುರದಿಂದ ಬರುವ ಬಸ್ಸುಗಳಲ್ಲಿ ಯಾವಾಗಲೋ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇಳಿಯತೊಡಗಿದರು. ದೊಡ್ಡಪ್ಪನ ತಂಗಿಯೂ ಬಂದಳು. ಕಾಫಿ ಕುಡಿದಳು, ಎಲೆಯಡಿಕೆ ಹಾಕಿಕೊಂಡಳು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಅಣ್ಣನ ಮುಖ ನೋಡಿದಳು.

“ಬಾಡಿಗೆಯಲ್ಲಿ ನನ್ನ ಭಾಗ ಎಷ್ಟಣ್ಣ?”

“ಇಷ್ಟು ವರ್ಷ ಕೇಳ್ದೋಳಲ್ಲ, ಈಗ್ಯಾಕಮ್ಮ?”

“ಇಷ್ಟು ವರ್ಷ ಏನಿತ್ತು ಕೇಳಕ್ಕೆ? ಸಾಲದಲ್ಲಿ ಭಾಗ ಕೇಳ್ಲಾ?”

ದೊಡ್ಡಪ್ಪ ನನ್ನ ಕಡೆ ತಿರುಗಿದ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲೇ ಕಾನೂನಾಗಿದೆ ಎಂದೆ. ಆ ಮಧ್ಯಾಹ್ನ ಆ ಮನೆಯಲ್ಲಿ ನನಗೆ ಊಟಕ್ಕೆ ಯಾರೂ ಹೇಳಲಿಲ್ಲ. ಅವಳ ಪಾಲು ಬರೆದುಕೊಟ್ಟ ಮೇಲೇ ಅವಳು ಹೆಬ್ಬೆಟ್ಟು ಒತ್ತಿದ್ದು. ಕಾನೂನು ಹತ್ತು ವರ್ಷದಿಂದ ಇತ್ತು. ಅದಕ್ಕೆ ಜೀವ ಬಂದದ್ದು ಬಂಜರಿಗೆ ಬೆಲೆ ಬಂದಾಗ. ಪಾರ್ಕಿನ ಬಗ್ಗೆ ಬರೆಯುವವರು ಮೆಗಾವಾಟ್ ಬರೆಯುತ್ತಾರೆ. ನನ್ನನ್ನು ಕೇಳಿದರೆ ಇದನ್ನೂ ಬರೆಯಬೇಕು.

ಕಟ್ಟೆಯ ರಾತ್ರಿಗೆ ವಾಪಸು ಬರುತ್ತೇನೆ, ಮುಖ್ಯ ಮಾತು ಅಲ್ಲೇ ಬಾಕಿಯಿದೆ. ಎಲ್ಲ ಮುಗಿದು ಜನ ಕಂಬಳಿ ಕೊಡವಿ ಏಳುವ ಹೊತ್ತಿಗೆ, ಬೆಂಕಿಯ ಆಚೆ ಕೂತಿದ್ದ ಕುರಿ ಕಾಯುವ ತಾತ ಕೇಳಿದ: “ಮೇಷ್ಟ್ರೆ, ನನ್ನ ಕುರಿ ಯಾವ ಸರ್ವೆ ನಂಬರಲ್ಲಿ ಬರುತ್ತೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ. ಅವನಿಗೆ ಒಂದು ಗುಂಟೆಯೂ ಇರಲಿಲ್ಲ. ಕೊಯ್ಲಾದ ಹೊಲ, ಬೀಳುಬಿಟ್ಟ ಹೊಲ, ಬದು, ಎಲ್ಲ ಅವನ ಕುರಿಯ ಮೇವು. ಬರದ ವರ್ಷ ನಮಗೆ ನಷ್ಟ. ಅವನಿಗೆ ಅಷ್ಟಿಲ್ಲ, ಬಿತ್ತದ ಹೊಲದಲ್ಲೂ ಒಂದಿಷ್ಟು ಗರಿಕೆ ಇರುತ್ತದೆ. 13,000 ಎಕರೆಗೆ ಬೇಲಿ ಬಿದ್ದರೆ? ಪಾಲಿಗೆ ಮಾಡುತ್ತಿದ್ದವರು, ಕಳೆ ಕೀಳುವ ಕೂಲಿಯ ಹೆಂಗಸರು, ಇವರ ಹೆಸರು ಯಾವ ಕಾಲಂನಲ್ಲೂ ಇರಲಿಲ್ಲ. ಕರಾರು ಜಮೀನಿನ ಜೊತೆ ಆಗುವುದು. ಜಮೀನನ್ನು ನಂಬಿಕೊಂಡವರ ಜೊತೆ ಅಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬೈಕಿನವನು ಲೈಟ್ ಆರಿಸಿಕೊಂಡು ಹೋದ.

2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದು ಉದ್ಘಾಟನೆ ಮಾಡಿದರು, ‘ಶಕ್ತಿ ಸ್ಥಳ’ ಎಂದು ಹೆಸರಿಟ್ಟರು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಗುಡ್ಡ ಹತ್ತಿ ನೋಡಿದರೆ ನಮ್ಮ ಕೆರೆಗಳು ಎಂದೂ ತುಂಬದಷ್ಟು ತುಂಬಿ ನಿಂತಂತೆ ಪ್ಯಾನೆಲ್ಲುಗಳು. ಬಾಡಿಗೆಯ ದುಡ್ಡಿನಲ್ಲಿ ಹಂಚಿನ ಮನೆಗಳು ಆರ್‌ಸಿಸಿ ಆದವು, ಹೆಣ್ಣುಮಕ್ಕಳು ಕಾಲೇಜಿಗೆ ಹೋದರು. ಬೆಂಗಳೂರಿಗೆ ಹೋಗಿದ್ದ ಕೆಲವರು ತಿರುಗಿ ಬಂದರು. ಇದು ಸುಳ್ಳಲ್ಲ, ಇದನ್ನು ಹೇಳದೆ ಹೋದರೆ ಅನ್ಯಾಯ.

ಜಮೀನಿಲ್ಲದವರಿಗೆ ಸಿಕ್ಕಿದ್ದು ದಿನಗೂಲಿ: ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಗೇಟಿನ ಕಾವಲು. ಅದೂ ಎಲ್ಲರಿಗೂ ಇಲ್ಲ. ಒಂದು ವಿಚಿತ್ರ ನೋಡಿ. ಪ್ಯಾನೆಲ್ಲಿನ ನೆರಳು, ತೊಳೆದ ನೀರು ಎರಡೂ ಸಿಕ್ಕಿ ಅದರ ಅಡಿಯಲ್ಲಿ ಹುಲ್ಲು ಸೊಂಪಾಗಿ ಬರುತ್ತದೆ. ಎತ್ತರ ಬೆಳೆದರೆ ಪ್ಯಾನೆಲ್ಲಿಗೆ ನೆರಳು, ಒಣಗಿದರೆ ಬೆಂಕಿಯ ಭಯ. ಆದ್ದರಿಂದ ಕೂಲಿ ಕೊಟ್ಟು ಕೊಯ್ಯಿಸುತ್ತಾರೆ. ಆ ತಾತ ಬೇಲಿಯಾಚೆ ನಿಂತು ಹುಲ್ಲು ನೋಡುತ್ತಿದ್ದ. ಅವನ ಸೊಸೆ ಒಳಗೆ ಅದನ್ನೇ ಕೊಯ್ಯುತ್ತಿದ್ದಳು. ಕುರಿಗಳನ್ನು ಹೊಡೆದುಕೊಂಡು ಅವನು ವರ್ಷದಲ್ಲಿ ಬಹುಪಾಲು ಪೆನುಕೊಂಡದ ಕಡೆ ಇರತೊಡಗಿದ.

ಈಚೆಗೆ ಪಾರ್ಕನ್ನು ಇನ್ನಷ್ಟು ವಿಸ್ತರಿಸುವ ಮಾತು ಬಂದಾಗ ನನ್ನ ಮನೆಗೆ ಬಂದವನು ಆ ತಾತನ ಮೊಮ್ಮಗ, ನನ್ನದೇ ಶಾಲೆಯಲ್ಲಿ ಓದಿದ ಹುಡುಗ. ಅರ್ಜಿ ಬರೆದುಕೊಡಬೇಕು ಎಂದ. ಗುಜರಾತಿನ ಢೂಂಡಿ ಎಂಬ ಹಳ್ಳಿಯ ಕಥೆ ಅವನಿಗೆ ಗೊತ್ತಿತ್ತು. ಅಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡು, ಸೋಲಾರ್ ಪಂಪಿನಲ್ಲಿ ನೀರೆತ್ತಿ ಉಳಿದ ಕರೆಂಟನ್ನು 2016ರಿಂದ ತಾವೇ ಮಾರುತ್ತಿದ್ದಾರೆ. ಶುರುವಾಗುವಾಗ ಆರೇ ಜನ. “ಅಲ್ಲಿ ಬಿಸಿಲಿನ ಯಜಮಾನರು ಊರವರು ಸಾರ್. ಇಲ್ಲಿ ನಾವು ಬಾಡಿಗೆಗೆ ಕೊಟ್ಟೋರು, ಇಲ್ಲಾಂದ್ರೆ ಹುಲ್ಲು ಕೊಯ್ಯೋರು.”

ಫೋನ್ ತೆಗೆದು ಲೆಕ್ಕ ತೋರಿಸಿದ. ಪಾರ್ಕಿನಲ್ಲಿ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್ ಆಗುತ್ತದೆ ಎಂದು ಹಿಡಿಯೋಣ. ಯೂನಿಟ್ಟಿಗೆ ಒಂದೇ ಒಂದು ಪೈಸೆ ಐದು ಊರಿನ ಜಮೀನಿಲ್ಲದವರ ಸಂಘಕ್ಕೆ ಎಂದರೆ ವರ್ಷಕ್ಕೆ 4 ಕೋಟಿ ರೂಪಾಯಿ. ನಾನು ಕಾಗದದ ಮೇಲೆ ಮತ್ತೆ ಗುಣಿಸಿ ನೋಡಿದೆ. ಸರಿಯಾಗಿತ್ತು. ಪೆನ್ನು ತೆಗೆದು ‘ಮಾನ್ಯರೆ’ ಎಂದು ಬರೆದು, ವಿಷಯ ಎಂಬ ಕಡೆ ಯೂನಿಟ್ಟಿಗೆ ಒಂದು ಪೈಸೆಯಂತೆ ಎಂದು ಶುರು ಮಾಡಿದೆ.

ಹುಡುಗ ಬಗ್ಗಿ ನೋಡಿದ. “ಎರಡು ಪೈಸೆ ಅಂತ ಬರೀರಿ ಸಾರ್. ಚೌಕಾಸಿ ಮಾಡ್ತಾರೆ.”